ಅರ್ಧ ಸೋಪು

"ನಾನಾ ಹಾಕಿದ್ದುರಿ. ನನ್ನ ಕೈಯಾರ ಹಾಕೀನಿ. ಬರ್ಕೊಳ್ರಿ."

ಇಷ್ಟು ಹೇಳಿ ಪಕ್ಕೀರಪ್ಪ ಮುಖವನ್ನು ಗೋಡೆಯ ಕಡೆ ತಿರುಗಿಸಿದ. ಗ್ಯಾರೇಜಿನ ಆ ಗೋಡೆಯ ಮೇಲೆ ಸ್ಪ್ಯಾನರುಗಳು ಸಾಲಾಗಿ ತೂಗುತ್ತಿದ್ದವು. ಯಾವುದು ಎಲ್ಲಿರಬೇಕೆಂದು ಒಂದೊಂದರ ಸುತ್ತಲೂ ಸುಣ್ಣದಲ್ಲಿ ಗೆರೆ ಎಳೆದಿತ್ತು. ಗೆರೆ ಎಳೆದವಳು ಅವನ ಮಗಳು ಭಾಗ್ಯ, ಎಂಟು ವರ್ಷದವಳಿದ್ದಾಗ.

ಹೆಡ್ ಕಾನ್‌ಸ್ಟೇಬಲ್ ಗಾದೆಮ್ಮ ಪೆನ್ನಿನ ಮುಚ್ಚಳ ತೆಗೆಯಲಿಲ್ಲ. ಚೀಲದಿಂದ ಪ್ಲಾಸ್ಟಿಕ್ ಕವರು ಹೊರತೆಗೆದು ಮೇಜಿನ ಮೇಲಿಟ್ಟಳು. ಒಳಗಿದ್ದದ್ದು ಜೀಪಿನ ಡೀಸೆಲ್ ಟ್ಯಾಂಕಿನ ಫ್ಲೋಟು: ಅಂಗೈಯಗಲದ ತಟ್ಟೆ, ತಟ್ಟೆಗೆ ಐದು ಸ್ಕ್ರೂ ತೂತು, ಕೆಳಗೆ ಉದ್ದನೆಯ ತಂತಿ, ತಂತಿಯ ತುದಿಗೆ ಹಿತ್ತಾಳೆಯ ಬುರುಡೆ. ಡೀಸೆಲ್ಲಿನ ಮೇಲೆ ಬುರುಡೆ ತೇಲುತ್ತದೆ. ಅದು ಇಳಿದಂತೆ ಡ್ರೈವರ್ ಮುಂದಿನ ಮುಳ್ಳೂ ಇಳಿಯುತ್ತದೆ. ಇಳಿಯಬೇಕು.

ಹದಿಮೂರು ದಿನದ ಹಿಂದೆ ಇಳಿಯಲಿಲ್ಲ. ಮುಳ್ಳು ಅರ್ಧ ತೋರಿಸುತ್ತಿರುವಾಗಲೇ ಗುರುಸಂಗಪ್ಪನ ಹಳೇ ಜೀಪು ಹೊಸಹಳ್ಳಿ ದಾಟಿ ಬರಿದಾಗಿ ನಿಂತಿತ್ತು. ಹೆರಿಗೆ ನೋವು ತಿನ್ನುತ್ತ ಕೂಡ್ಲಿಗಿ ಆಸ್ಪತ್ರೆಗೆ ಹೊರಟಿದ್ದ ಭಾಗ್ಯ ರಸ್ತೆ ಬದಿಯ ಹುಣಸೆ ಮರದ ಕೆಳಗೆ ಗಂಡು ಕೂಸು ಹೆತ್ತು, ನೆತ್ತರು ನಿಲ್ಲದೆ ತೀರಿಕೊಂಡಿದ್ದಳು. ಕೆಟ್ಟ ಫ್ಲೋಟು ಹಾಕಿ ನನ್ನ ಹೆಂಡತಿಯನ್ನು ಕೊಂದ ಎಂದು ಪಕ್ಕೀರಪ್ಪನ ಮೇಲೆ ದೂರು ಬರೆದುಕೊಟ್ಟವನು ಭಾಗ್ಯಳ ಗಂಡ ಗುರುಶಾಂತ. ಸ್ವಂತ ಅಳಿಯ.

"ಯಾವತ್ತು ಹಾಕಿದ್ದು, ಅಣ್ಣಾರೆ?"

"ಶನಿವಾರ. ಹಳೇದು ತುಕ್ಕು ತಿಂದಿತ್ತು. ಡ್ರೈವರ್ ಕನಕರಾಜ ಆರು ವರ್ಷದಿಂದ ಟ್ಯಾಂಕಿಗೆ ಕಡ್ಡಿ ಅದ್ದಿ ಡೀಸೆಲ್ ನೋಡ್ತಿದ್ದ. ಎಲೆಕ್ಷನ್ ಬಂತು, ಊರೂರು ತಿರುಗಬೇಕು, ಮುಳ್ಳು ರಿಪೇರಿ ಮಾಡು ಅಂತ ಗುರುಸಂಗಪ್ಪ ಸಾವ್ಕಾರ್ರು ಕಳಿಸಿದ್ರು."

"ತಂತಿ ಹಿಂಗ್ಯಾಕ ಕೆಳಕ್ಕ ಬಾಗೈತಿ?"

"ನಾನಾ ಬಗ್ಗಿಸಿದ್ದು."

"ಯಾಕ?"

"ವಯಸ್ಸಾತಲ್ರಿ. ಕಣ್ಣು ಕಾಣಂಗಿಲ್ಲ."

ಗಾದೆಮ್ಮ ಗ್ಯಾರೇಜಿಗೆ ಕಾಲಿಟ್ಟಾಗ ಇದೇ ಮುದುಕ ಕೂದಲೆಳೆಯಂಥ ಸ್ಪ್ರಿಂಗೊಂದನ್ನು ನೆಲದ ಧೂಳಿನಿಂದ ಒಂದೇ ಸಲಕ್ಕೆ ಹೆಕ್ಕಿ ತೆಗೆದಿದ್ದ.

ಅವಳು ಫ್ಲೋಟನ್ನು ಬೆಳಕಿಗೆ ಹಿಡಿದಳು. ತಂತಿ ಬಾಗಿದ ಕಡೆ ಇಕ್ಕಳದ ಹಲ್ಲಿನ ಗುರುತು ಸಾಲಾಗಿ ಮೂಡಿತ್ತು. ನಡುವೆ ಒಂದು ಹಲ್ಲು ಬಿಟ್ಟುಹೋಗಿತ್ತು. ತಟ್ಟೆಯ ಅಡಿಯ ರಬ್ಬರ್ ಪ್ಯಾಕಿಂಗಿಗೆ ಡೀಸೆಲ್ ಸೋರದಿರಲೆಂದು ಬೆಳ್ಳಗಿನದೇನೋ ಮೆತ್ತಿದ್ದರು. ಅದರೊಳಗೆ ಚಿಟಿಕೆಯಷ್ಟು ಹಳದಿ ಪುಡಿ ಸಿಕ್ಕಿಕೊಂಡಿತ್ತು.

"ಇದೇನು ಬೆಳ್ಳಗ?"

"ಸೋಪು. ಡೀಸೆಲ್ಲಿಗೆ ಸೋಪು ಕರಗಂಗಿಲ್ಲ. ನಾವು ಅದನ್ನಾ ಮೆತ್ತೋದು."

ಗಾದೆಮ್ಮ ಅದನ್ನು ಬೆರಳಲ್ಲಿ ತಿಕ್ಕಿ ಮೂಸಿದಳು. ಡೀಸೆಲ್ ನಾತದ ಅಡಿಯಲ್ಲಿ ಇನ್ನೊಂದು ಪರಿಮಳವಿತ್ತು. ಎಲ್ಲೋ ಮೂಸಿದ್ದೆ ಅನ್ನಿಸಿತು, ಎಲ್ಲಿ ಎಂದು ಹೊಳೆಯಲಿಲ್ಲ.

"ಕೊಡ್ರಿ ಇಲ್ಲಿ," ಎಂದು ಪಕ್ಕೀರಪ್ಪ ಫ್ಲೋಟು ಇಸಿದುಕೊಂಡ. ಹೆಬ್ಬೆರಳಿನಿಂದ ಪ್ಯಾಕಿಂಗನ್ನು ಸುತ್ತ ಸವರಿದ. ಹೆಗಲ ಮೇಲಿನ ಬಟ್ಟೆಯಿಂದ ಒರೆಸಿ ಚೊಕ್ಕಟ ಮಾಡಿ ಹಿಂದಕ್ಕೆ ಕೊಟ್ಟ. ಬೆಳ್ಳಗಿನದೂ ಹೋಯಿತು, ಹಳದಿಯೂ ಹೋಯಿತು. ಕೈಗೆ ಬಂದ ಸಾಮಾನನ್ನು ಒರೆಸದೆ ಕೊಡುವ ಮೆಕ್ಯಾನಿಕ್ ಇಲ್ಲ ಎಂದು ಗಾದೆಮ್ಮ ಆಗ ಅಂದುಕೊಂಡಳು. ಸಾಕ್ಷಿಯನ್ನು ಅವನ ಕೈಗೆ ಕೊಟ್ಟ ತಪ್ಪು ತನ್ನದೇ.

ಹೊರಡುವಾಗ ಅವಳ ಕಣ್ಣು ಮೇಜಿನ ಮೂಲೆಗೆ ಹೋಯಿತು. ಅಲ್ಲಿ ಅರೆಬರೆ ಸವೆದ ಸೋಪಿತ್ತು. ಬಟ್ಟೆ ಒಗೆಯುವ ಸೋಪು. ಕಡು ನೀಲಿ.

"ಸಂಜಿ ಐದಕ್ಕ ಸಾಹೇಬ್ರು ವ್ಯಾನು ಕಳಿಸ್ತಾರ, ಅಣ್ಣಾರೆ. ಅಷ್ಟ್ರೊಳಗ ಏನಾರ ಹೇಳೋದು ನೆನಪಾದ್ರ ಹೇಳ್ರಿ. ಜೈಲಂದ್ರ ಹುಡುಗಾಟ ಅಲ್ಲ."

"ಐದಕ್ಕಲ್ಲ? ಅಷ್ಟೊತ್ತಿಗೆ ಮೈ ತೊಳ್ಕೊಂಡು ತಯಾರಿರ್ತೀನಿ."

*

ಗುರುಸಂಗಪ್ಪನೇ ಜೀಪು ಕಳಿಸಿದ್ದ. ಹಗರಿಬೊಮ್ಮನಹಳ್ಳಿಯ ರೈಲ್ವೆ ಗೇಟು ದಾಟಿ ಕನಕರಾಜ ಕೂಡ್ಲಿಗಿ ದಾರಿ ಹಿಡಿದ, ಗುರುಶಾಂತನ ಊರು ಕರಿಹಟ್ಟಿಯ ಕಡೆಗೆ. ಅವನ ಮುಂದೆ ಮುಳ್ಳು ಸೊನ್ನೆಯ ಮೇಲೆ ಸತ್ತು ಬಿದ್ದಿತ್ತು. ಸೀಟಿನ ಪಕ್ಕದಲ್ಲಿ ಹೊಸದಾಗಿ ಕಡಿದ ಬೇವಿನ ಕಡ್ಡಿಯೊಂದಿತ್ತು, ಬಟ್ಟೆ ಸುತ್ತಿಕೊಂಡು.

"ಮತ್ತ ಕಡ್ಡಿಗೆ ಬಂದಿಯೇನಪ?" ಎಂದಳು ಗಾದೆಮ್ಮ.

"ಹಳೇ ಕಡ್ಡಿ ಇದ್ದಿದ್ರ ಈ ಮಾತಾ ಇರ್ತಿರಲಿಲ್ಲ ಬಿಡ್ರಿ."

"ಏನು ಮಾಡಿದಿ ಅದನ್ನ?"

ಅವನು ಗೇರು ಬದಲಿಸಿದ. "ನಮ್ಮದು ಮೈಲಾರಲಿಂಗನ ಒಕ್ಕಲು. ಭಾನುವಾರ ಗಾಡಿಗೆ ಭಂಡಾರ ಹಚ್ಚದ ನಾನು ಚಾವಿ ತಿರುವಂಗಿಲ್ಲ. ಹೊಸ ಸಾಮಾನು ಬಂದೈತಿ ಅಂತ ಅವತ್ತು ಸೀಟು ಎತ್ತಿ, ಟ್ಯಾಂಕಿನ ಮ್ಯಾಲೂ ಮುಷ್ಟಿ ಭಂಡಾರ ಹಾಕಿದೆ. ಆರು ವರ್ಷ ದುಡಿದ ಕಡ್ಡಿ, ಹೊಲಸಿನಾಗ ಒಗೀಬಾರ್ದು ಅಂತ ಅದಕ್ಕೂ ಭಂಡಾರ ಬಳಿದು ದೇವರ ಕಟ್ಟಿ ಮ್ಯಾಲೆ ಇಟ್ಟು ಕೈ ಮುಗಿದು ಬಂದೆ. ನಿನ್ನ ಸೇವಾ ಮುಗೀತು ಅಂದೆ. ಶಾಣ್ಯಾನಾಗಿದ್ದೆ."

ಗಾದೆಮ್ಮ ನೆಟ್ಟಗೆ ಕೂತಳು. ಭಂಡಾರ. ಅರಿಶಿನ. ತಟ್ಟೆಯ ಮೇಲೆ ಬಿದ್ದ ಅರಿಶಿನ ತಟ್ಟೆಯ ಕೆಳಗಿನ ಪ್ಯಾಕಿಂಗಿನೊಳಗೆ ಹೋಗಬೇಕಾದರೆ, ಭಾನುವಾರದ ಪೂಜೆಯಾದ ಮೇಲೆ ಯಾರೋ ಆ ಐದೂ ಸ್ಕ್ರೂ ಬಿಚ್ಚಿರಬೇಕು. ಶನಿವಾರ ಪಕ್ಕೀರಪ್ಪ ಕೂಡಿಸಿದ್ದನ್ನು ಇನ್ನೊಬ್ಬರು ತೆಗೆದು, ಮುಳ್ಳು ಸುಳ್ಳು ಹೇಳುವಂತೆ ತಂತಿ ಬಗ್ಗಿಸಿ, ಟ್ಯಾಂಕಿನ ಡೀಸೆಲ್ ಹೊರಗಿಳಿಸಿ, ಬೇರೆ ಸೋಪು ಮೆತ್ತಿ ಮತ್ತೆ ಕೂಡಿಸಿದ್ದಾರೆ.

"ಮಂಗಳವಾರ ಮುಂಜಾನಿ ಮುಳ್ಳು ಅರ್ಧ ಇತ್ತು. ನಿನಗ ಅನುಮಾನ ಬರಲಿಲ್ಲ?"

"ಸೋಮವಾರ ಹತ್ತು ಹಳ್ಳಿ ತಿರುಗಿ ಬಂದಿದ್ವಿ. ಅರ್ಧಾನಾ ಇರಬೇಕಿತ್ತು. ನಾನು ಮುಖ ತೊಳೆದು ಬರೋದ್ರಾಗ ದ್ಯಾಮಕ್ಕ ಓಡಿ ಬಂದ್ಲು, ಸೊಸಿಗೆ ನೋವು ಬಂದೈತಿ ಅಂತ. ಇನ್ನ ಇಪ್ಪತ್ತು ದಿನ ಇತ್ತಂತ ದಿನ ತುಂಬಾಕ. ಸಾವ್ಕಾರ್ರು ಬಿಳಿ ಅಂಗಿ ಹಾಕ್ಕೊಂಡು, ನಾಮಿನೇಷನ್ ಕಾಗದ ಹಿಡ್ಕೊಂಡು ಇದಾ ಗಾಡಿ ಹತ್ತಾಕ ನಿಂತಿದ್ರು. ಕಡೇ ದಿನ. ಮಧ್ಯಾಹ್ನ ಮೂರರೊಳಗ ಕೂಡ್ಲಿಗಿ ಮುಟ್ಟಬೇಕು. ಊರಿನ ಒಂದಾ ಬಸ್ಸು ಹೋಗಿತ್ತು, ಗಾಡ್ಯಾಗ ಆಕೀನ್ನ ಮಲಗಿಸಿದ್ರ ಇನ್ನೊಬ್ಬರಿಗೆ ಜಾಗಿಲ್ಲ. ಎಲೆಕ್ಷನ್ನಾಗ ಎದುರಿಗೆ ನಿಂತಾವ ಯಾರು? ದ್ಯಾಮಕ್ಕನ ಮಗ ಗುರುಶಾಂತ. ಆದ್ರೂ ಸಾವ್ಕಾರ್ರು ಒಂದು ಮಾತು ಆಡಲಿಲ್ಲರಿ. ಆಕೀನ್ನ ಕರ್ಕೊಂಡು ಹೋಗು, ನಂದೇನು ಇವತ್ತಲ್ಲ ನಾಳಿ ಅಂದ್ರು. ನಾಳಿ ಎಲ್ಲಿತ್ತು."

ಆ ದಿನ ಮೂರು ಗಂಟೆಗೆ ಗುರುಶಾಂತ ತಾಲ್ಲೂಕು ಪಂಚಾಯಿತಿಗೆ ಅವಿರೋಧವಾಗಿ ಗೆದ್ದಂತೆಯೇ ಆಗಿತ್ತು.

"ಇನ್ನೊಂದು ಹೇಳ್ತೀನಿ ಮೇಡಂ. ಯಾರಿಗೂ ಹೇಳಿಲ್ಲ." ಕನಕರಾಜನ ದನಿ ಕುಗ್ಗಿತು. "ಊರು ಬಿಡೋ ಹೊತ್ತಿಗೆ ಭಾಗ್ಯ ಮೂರು ಸಲ ಅಂದ್ಲು. ಅಣ್ಣಾ, ಮುಳ್ಳು ನಂಬಬ್ಯಾಡ, ಕಡ್ಡಿ ಹಾಕಿ ನೋಡಣ್ಣ ಅಂತ. ನೋವಿನಾಗ ಬಡಬಡಿಸ್ತಾಳ ಅಂದ್ಕೊಂಡೆ. ನಿಮ್ಮಪ್ಪ ಹಾಕಿದ ಸಾಮಾನು ತಂಗಿ, ಸುಳ್ಳು ಹೇಳಂಗಿಲ್ಲ ಅಂದೆ. ಆಕಿ ಮುಖ ಮುಚ್ಕೊಂಡು ಅತ್ತಳು. ಗಾಡಿ ನಿಂತ ಮ್ಯಾಲೆ ಹೊಸಹಳ್ಳಿಗೆ ಓಡಿ ಡೀಸೆಲ್ ತಂದೆ. ಬರಿದಾದ ಎಂಜಿನ್ ಸುಮ್ನ ಎತ್ತಂಗಿಲ್ಲ, ಪೈಪಿನ ಗಾಳಿ ತೆಗೀಬೇಕು. ಮುಕ್ಕಾಲು ತಾಸು. ಅಷ್ಟೊತ್ತಿಗೆ..."

ಗಾದೆಮ್ಮ ಅವನ ಕಡೆ ನೋಡಲಿಲ್ಲ. ಎದುರಿನ ಗಾಜಿನಲ್ಲಿ ಒಣಗಿದ ಹೊಲಗಳು ಹಿಂದೆ ಸರಿಯುತ್ತಿದ್ದವು. ಮೆಕ್ಯಾನಿಕ್ ಮಗಳು, ಮುಳ್ಳಿನ ಬುದ್ಧಿ ಬಲ್ಲವಳು, ಅದಕ್ಕೇ ಹಾಗಂದಿರಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ಆದರೂ ಆ ಅಳು ಯಾಕೆ?

*

ಕರಿಹಟ್ಟಿಯಲ್ಲಿ ಗುರುಶಾಂತನ ಮನೆಯ ಬಾಗಿಲಿಗೆ ಗೆಲುವಿನ ಹಸಿರು ತೋರಣ ಇನ್ನೂ ಇತ್ತು, ಒಣಗಿ. ಪಡಸಾಲೆಯಲ್ಲಿ ಭಾಗ್ಯಳ ಫೋಟೊ. ಅದಕ್ಕೆ ಹಾಕಿದ್ದು ಅಂಗಡಿಯ ದೊಡ್ಡ ಹಾರ, ನಡುವೆ ಜರಿಯ ಪದಕ. ಸನ್ಮಾನಕ್ಕೆ ತಂದ ಹಾರ ಅದು ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಹಿತ್ತಲ ಬಚ್ಚಲಲ್ಲಿ ದ್ಯಾಮಕ್ಕ ಕಾಲು ಚಾಚಿ ಕೂತು, ಕಾಲ ಮೇಲೆ ಕೂಸನ್ನು ಬೋರಲು ಹಾಕಿಕೊಂಡು ಎರೆಯುತ್ತಿದ್ದಳು. ಹದಿಮೂರು ದಿನದ ಕೂಸು ಬಿಸಿನೀರಿಗೆ ಮುಷ್ಟಿ ಬಿಗಿದು ಅಳುತ್ತಿತ್ತು. ಗಾದೆಮ್ಮ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು ಚೊಂಬಿನಿಂದ ನೀರು ಹನಿಸತೊಡಗಿದಳು. ಮೂರು ಹೆತ್ತ ಕೈ, ಕೇಳದೆಯೇ ಮುಂದೆ ಹೋಯಿತು.

ಆಗ ಮುಂಜಾನೆ ಫ್ಲೋಟಿನ ಮೇಲೆ ಮೂಸಿದ್ದ ಆ ಪರಿಮಳ ಬಂತು.

ದ್ಯಾಮಕ್ಕನ ಕೈಯಲ್ಲಿ ಬೆಳ್ಳನೆಯ ಸೋಪಿನ ಚೂರಿತ್ತು. ಕೂಸಿನ ಸೋಪು. ಅರ್ಧವೇ ಇತ್ತು. ಒಂದು ಬದಿ ಸವೆದು ದುಂಡಗಾಗಿತ್ತು. ಇನ್ನೊಂದು ಬದಿ ಚಾಕುವಿನಿಂದ ಕೊಯ್ದಂತೆ ನೇರವಾಗಿತ್ತು.

"ಉಳಿದರ್ಧ ಎಲ್ಲೈತಿ, ಯವ್ವಾ?"

"ಯಾರಿಗೆ ಗೊತ್ತು. ನಾನು ನೋಡಿದಾಗ್ಲೇ ಇಷ್ಟಾ ಇತ್ತು. ಇಲಿ ಒಯ್ದಿರಬೇಕು." ದ್ಯಾಮಕ್ಕ ಕೂಸನ್ನು ತಿರುವಿ ಹಾಕಿದಳು. "ಹುಟ್ಟೋಕು ಮೊದ್ಲು ಕೂಸಿಗೆ ಅಂತ ಒಂದು ದಾರದ ಎಳಿ ಸೈತ ತರಬಾರ್ದು ನಮ್ಮಾಗ. ತಾಯಿ ಇಲ್ಲದ ಬೆಳೆದಾಕಿ, ಆಕಿಗೆ ಹೇಳೋರು ಯಾರಿದ್ರು? ಕೊಟ್ಟೂರು ಸಂತ್ಯಾಗ ಕದ್ದು ತಂದು ಟ್ರಂಕಿನಾಗ ಮುಚ್ಚಿಟ್ಟಿದ್ಲು. ಕೊಳ್ಳಾಗಿನ ದಾರಕ್ಕ ಚಾವಿ ಕಟ್ಕೊಂಡು ತಿರುಗ್ತಿದ್ಲು. ಸತ್ತ ಮ್ಯಾಲೆ ತೆಗೆದು ನೋಡ್ತೀನಿ, ಸೋಪು, ಟೊಪಿಗಿ, ಕಾಲಚೀಲ. ಅದಕಾ ಹಿಂಗಾತು ನೋಡ್ರಿ. ಅದಕಾ."

ಗಾದೆಮ್ಮನ ಕೈಯ ಚೊಂಬಿನಲ್ಲಿ ನೀರು ಮುಗಿದಿತ್ತು. ಚಾವಿ ಭಾಗ್ಯಳ ಕೊರಳಲ್ಲಿ.

"ಐದಕ್ಕ ಅರೆಸ್ಟು ಅಂತ ಕೇಳಿದ್ದೆ," ಒಂದು ದನಿ ಬಂತು. "ನೀವು ಇಲ್ಲಿ ಕೂಸಿಗೆ ಎರಕೊಂತ ಕುಂತೀರಿ."

ಪಡಸಾಲೆಯಲ್ಲಿ ಗುರುಶಾಂತ ಸ್ಟೂಲು ಹತ್ತಿ ನಿಂತಿದ್ದ. ಜಂತಿಗೆ ಸೀರೆಯ ಜೋಳಿಗೆ ಕಟ್ಟಲು ದಪ್ಪ ತಂತಿಯ ಕೊಂಡಿ ಹಾಕಿದ್ದ. ಅದು ಸಡಿಲಾಗಿತ್ತೋ ಏನೋ, ಇಕ್ಕಳದಿಂದ ಹಿಂಡಿ ಬಾಗಿಸುತ್ತಿದ್ದ. ಮೂವತ್ತರ ಆಳು. ಗಡ್ಡ ಬಿಟ್ಟಿದ್ದ. ಖಾದಿ ಅಂಗಿ ಮಾತ್ರ ಇಸ್ತ್ರಿಯಾಗಿತ್ತು.

"ಕೂಸಿನ ಸೋಪು ನೋಡ್ತಿದ್ದೆ, ಮೆಂಬರ್ರೆ," ಎಂದಳು ಗಾದೆಮ್ಮ, ಕೈ ಒರೆಸಿಕೊಳ್ಳುತ್ತ ಒಳಬಂದು. "ಭಾನುವಾರ ಆದ ಮ್ಯಾಲೆ ಯಾರೋ ಆ ಟ್ಯಾಂಕು ಬಿಚ್ಚಿದಾರ. ನಿಮ್ಮ ಮಾವ ಆ ಎರಡು ದಿನ ಗ್ಯಾರೇಜು ಬಿಟ್ಟು ಕದಲಿಲ್ಲ. ಸಾಕ್ಷಿ ಅದಾರ."

"ಹಂಗಾರ ಡ್ರೈವರ್ ಬಿಚ್ಚಿರಬೇಕು."

"ಡ್ರೈವರ್ ಹತ್ರ ನಿಮ್ಮ ಟ್ರಂಕಿನ ಸೋಪು ಹೆಂಗ ಬರ್ತೈತಿ?"

ಇಕ್ಕಳ ಒಂದು ಗಳಿಗೆ ನಿಂತಿತು. ಮತ್ತೆ ಹಿಂಡತೊಡಗಿತು.

"ಸೋಮವಾರ ಸಂಜಿ ಎಲ್ಲಿದ್ರಿ?"

"ಮನ್ಯಾಗ."

"ಊರಿನ ಗಂಡಸ್ರೆಲ್ಲ ಚಾವಡ್ಯಾಗ ಗುರುಸಂಗಪ್ಪನ ಚಾ ಕುಡೀತಿದ್ರು. ಜೀಪು ನಿಮ್ಮ ಹಿತ್ತಲ ಬೇವಿನ ಮರದ ಕೆಳಗ ನಿಂತಿತ್ತು."

"ಅದು ಅಲ್ಲೇ ನಿಲ್ಲೋದು."

"ಮಂಗಳವಾರ?"

"ಮುಂಜಾನಿ ಬಸ್ಸಿಗೆ ಕೂಡ್ಲಿಗಿಗೆ ಹೋದೆ. ತಾಲ್ಲೂಕು ಆಫೀಸಿನ ಮುಂದಿದ್ದೆ."

"ನಿಮ್ಮ ನಾಮಿನೇಷನ್ ಹಿಂದಿನ ಶುಕ್ರವಾರಾನಾ ಆಗಿತ್ತು. ಅಲ್ಲಿ ಏನು ಮಾಡ್ತಿದ್ರಿ?"

"ಕಾಯ್ತಿದ್ದೆ."

"ಏನನ್ನ?"

ಗುರುಶಾಂತ ಕೊಂಡಿಯನ್ನು ಇನ್ನೊಮ್ಮೆ ಹಿಂಡಿದ. ಅವನು ಕಾಯುತ್ತಿದ್ದುದು ಒಂದು ಜೀಪು ಬಾರದಿರುವುದನ್ನು. ಅದು ಬರಲಿಲ್ಲ. ಎರಡು ಗಂಟೆಯಾಯಿತು, ಬರಲಿಲ್ಲ. ಮೂರಾಯಿತು, ಬರಲಿಲ್ಲ. ಜೊತೆಗಿದ್ದವರು ಪಟಾಕಿ ಹಚ್ಚಿದಾಗ ಅವನು ನಕ್ಕಿರಬೇಕು. ಆ ಜೀಪಿನಲ್ಲಿ ಗುರುಸಂಗಪ್ಪ ಇಲ್ಲ, ತನ್ನ ಹೆಂಡತಿ ಇದ್ದಾಳೆಂದು ಅವನಿಗೆ ತಿಳಿದದ್ದು ಹಾರ ಕೊರಳಿಗೆ ಬಿದ್ದ ಮೇಲೆ.

"ಯಾರನ್ನಾರ ಕೇಳ್ರಿ," ಎಂದ ಅವನು ಕೊನೆಗೆ. "ನನಗ ಸೈಕಲ್ ಪಂಕ್ಚರ್ ಹಾಕಾಕ ಬರಂಗಿಲ್ಲ. ಟ್ಯಾಂಕು ಬಿಚ್ಚಿ, ಫ್ಲೋಟು ತೆಗೆದು, ಹನಿ ಸೋರದಂಗ ಮತ್ತ ಕೂಡಿಸ್ತೀನೇನು?"

"ಮತ್ತ ಈ ಮನ್ಯಾಗ ಯಾರಿಗೆ ಬರ್ತೈತಿ?"

ಉತ್ತರ ಬಚ್ಚಲಿನಿಂದ ಬಂತು. ದ್ಯಾಮಕ್ಕ ಕೂಸಿಗೆ ಧೂಪ ಹಿಡಿಯುತ್ತ ಮಗನ ಪರವಾಗಿ ಕೂಗಿ ಹೇಳಿದಳು: "ನಮ್ಮ ಭಾಗ್ಯಗ ಬರ್ತಿತ್ತಲ್ರೀ. ಹೊಲದ ಪಂಪ್‌ಸೆಟ್ ಕೆಟ್ರ ಆಕೀನಾ ಬಿಚ್ಚಿ ಕೂಡಿಸ್ತಿದ್ಲು. ಗ್ಯಾರೇಜಿನಾಗ ಬೆಳೆದ ಕೈ. ನನ್ನ ಮಗಗ ಎಲ್ಲಿ ಬರಬೇಕು."

ಗಾದೆಮ್ಮನಿಗೆ ಜೀಪಿನಲ್ಲಿ ಕೇಳಿದ ಮಾತು ನೆನಪಾಯಿತು.

ಮುಳ್ಳು ನಂಬಬ್ಯಾಡ, ಕಡ್ಡಿ ಹಾಕಿ ನೋಡಣ್ಣ. ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಪೂರ್ತಿ ಹೇಳಲಿಲ್ಲ. ಪೂರ್ತಿ ಹೇಳಿದ್ದರೆ ಗಂಡನ ಹೆಸರು ಹೊರಗೆ ಬರುತ್ತಿತ್ತು.

ಗುರುಶಾಂತ ಸ್ಟೂಲಿನಿಂದ ಇಳಿದು ಹತ್ತಿರ ಬಂದ. ತಾಯಿಗೆ ಕೇಳಿಸದಷ್ಟು ತಗ್ಗಿದ ದನಿಯಲ್ಲಿ ಹೇಳಿದ: "ಬರ್ಕೊಳ್ರಿ ಮೇಡಂ. ಸತ್ತಾಕಿ ಹೆಸರು ಬರ್ಕೊಳ್ರಿ. ಆಮ್ಯಾಲೆ ನೀವಾ ಹೋಗಿ ಆ ಮುದುಕಗ ಹೇಳ್ರಿ, ನಿನ್ನ ಮಗಳು ತನ್ನ ಸಾವು ತಾನಾ ಕೂಡಿಸಿಟ್ಲು ಅಂತ. ಆ ಮಾತು ಆಡಾಕ ನಿಮ್ಮ ಬಾಯಿ ಬರ್ತೈತೇನು?"

"ಬಿಚ್ಚಿದ್ದು ಆಕಿ, ಕೂಡಿಸಿದ್ದು ಆಕಿ," ಎಂದಳು ಗಾದೆಮ್ಮ. "ಬಗ್ಗಿಸಿದ್ದು ಯಾರು?"

"ಅದಕ್ಕ ಸಾಕ್ಷಿ ಏನೈತಿ?"

ದ್ಯಾಮಕ್ಕ ಕೂಸನ್ನು ತಂದು ಜೋಳಿಗೆಯಲ್ಲಿ ಮಲಗಿಸಿದಳು. ಭಾರಕ್ಕೆ ಸೀರೆ ಬಿಗಿಯಿತು, ಕೊಂಡಿ ತುಸು ಕಿರುಗುಟ್ಟಿತು. ಗಾದೆಮ್ಮ ಮೇಲೆ ನೋಡಿದಳು. ಹೊಸ ತಂತಿಯ ಮೇಲೆ ಇಕ್ಕಳದ ಹಲ್ಲುಗಳು ಸಾಲಾಗಿ ಮೂಡಿದ್ದವು. ನಾಲ್ಕು ಹಲ್ಲು, ಒಂದು ಖಾಲಿ, ಮತ್ತೆ ಮೂರು.

ಅವಳು ಹೊರಗೆ ನಡೆದಳು. ಜೀಪಿನಲ್ಲಿ ಕೂತು, ಊರು ಮರೆಯಾದ ಮೇಲೆ ಚೀಲದಿಂದ ಫ್ಲೋಟು ತೆಗೆದಳು. ಬಾಗಿದ ಕಡೆ ಬೆರಳಿಟ್ಟು ಎಣಿಸಿದಳು. ನಾಲ್ಕು. ಖಾಲಿ. ಮೂರು.

*

ಗ್ಯಾರೇಜಿಗೆ ಮರಳಿದಾಗ ನಾಲ್ಕೂವರೆ. ಪಕ್ಕೀರಪ್ಪ ಹೇಳಿದಂತೆಯೇ ಸ್ನಾನ ಮಾಡಿ, ಬಿಳಿ ಅಂಗಿ ತೊಟ್ಟು, ಮೇಜಿನ ಪಕ್ಕದ ಟೈರಿನ ಮೇಲೆ ಕೂತಿದ್ದ. ಉಗುರಿನ ಸಂದಿಯ ಕಪ್ಪನ್ನು ಕೂಡ ತೆಗೆದಿದ್ದ.

"ಅಣ್ಣಾರೆ, ನೀವು 'ನಾನಾ ಮಾಡಿದ್ದು' ಅನ್ನೋದು ಬಿಡ್ರಿ," ಎಂದಳು ಗಾದೆಮ್ಮ. ದಾರಿಯುದ್ದಕ್ಕೂ ಜೋಡಿಸಿಟ್ಟುಕೊಂಡಿದ್ದ ಮಾತುಗಳು ಅವನ ಆ ಅಂಗಿ ನೋಡಿ ಚದುರಿಹೋದವು. "ನೀವು ಮಾಡಿಲ್ಲ. ಯಾರು ಮಾಡಿದ್ದು ಅಂತ..."

"ಗೊತ್ತೈತಿ, ತಾಯಿ."

ಅವಳು ಚೀಲವನ್ನು ಮೇಜಿನ ಮೇಲಿಟ್ಟಳು.

"ಮುಂಜಾನೀನಾ ಗೊತ್ತಾತು. ಐದು ಸ್ಕ್ರೂ ಒಂದರ ಪಕ್ಕ ಒಂದು ಬಿಗಿಬಾರ್ದು, ಎದುರು ಬದರು ಬಿಗಿಬೇಕು, ಸೋಪು ಹೆಬ್ಬೆಟ್ಟಿಲೆ ಒಳಗಿಂದ ಹೊರಗ ಸವರಬೇಕು. ಇದನ್ನ ನಾನು ಒಬ್ಬರಿಗೇ ಕಲಿಸಿದ್ದು. ಆ ಪ್ಯಾಕಿಂಗಿನ ಮ್ಯಾಲೆ ಆಕಿ ಹೆಬ್ಬೆಟ್ಟಿತ್ತು." ಅವನು ತನ್ನ ಹೆಬ್ಬೆರಳನ್ನೇ ನೋಡಿಕೊಂಡ. "ನಾನಾ ಒರಸಿದೆ."

ಒರೆಸಿದ್ದು ಅಭ್ಯಾಸಕ್ಕಲ್ಲ. ಗಾದೆಮ್ಮ ಚೀಲದಿಂದ ಫ್ಲೋಟು ಹೊರತೆಗೆದಳು.

"ಆಕಿ ಬಗ್ಗಿಸಿಲ್ಲ, ಅಣ್ಣಾರೆ. ಕೆಲಸ ಬಲ್ಲ ಕೈ ಹಿಂಗ ತಂತಿ ಹಿಂಡಿ ಗಾಯ ಮಾಡಂಗಿಲ್ಲ. ನೋಡ್ರಿ ಇಲ್ಲಿ. ಈ ಹಲ್ಲಿನ ಗುರುತು. ಇದಾ ಗುರುತು ನಿಮ್ಮ ಅಳಿಯನ ಮನಿ ಜೋಳಿಗಿ ಕೊಂಡಿ ಮ್ಯಾಲೆ ಐತಿ. ಈ ತಂತಿ, ಆ ಕೊಂಡಿ, ಎರಡೂ ಪಕ್ಕ ಪಕ್ಕ ಇಟ್ರ ಸಾಕು, ನಿಮ್ಮನ್ನ ಯಾರೂ ಮುಟ್ಟಂಗಿಲ್ಲ."

ಪಕ್ಕೀರಪ್ಪ ಕೈ ಚಾಚಿದ. ಈ ಸಲ ಅವಳು ಕೊಡಬಾರದಿತ್ತು. ಆದರೆ ಮಗಳ ಕೈ ಮುಟ್ಟಿದ ಕೊನೆಯ ಸಾಮಾನು ಅದು. ಕೊಟ್ಟಳು.

ಅವನು ಬಹಳ ಹೊತ್ತು ಆ ಗುರುತನ್ನು ನೋಡಿದ. ಎದ್ದು ಮೇಜಿನ ಕಡೆ ಹೋದ. ತಂತಿಯನ್ನು ಸಾಮಾನು ಕಚ್ಚಿ ಹಿಡಿಯುವ ವೈಸಿನ ಬಾಯಿಗಿಟ್ಟು ಹಿಡಿ ತಿರುಗಿಸಿ ಬಿಗಿ ಮಾಡಿದ. ಗೋಡೆಯ ಸುಣ್ಣದ ಗೆರೆಯೊಳಗಿಂದ, ಲೋಹ ತಿಕ್ಕಿ ಸವೆಸುವ ಅರವನ್ನು ಕೆಳಗಿಳಿಸಿದ.

"ಏನು ಮಾಡ್ತೀರಿ?"

"ಮೊಮ್ಮಗಗ ತಾಯಿ ಇಲ್ಲ, ತಾಯಿ." ಎಂದ ಅವನು. "ಅಪ್ಪನ್ನೂ ನಾನಾ ಕಸಗೊಳ್ಳಲೇನು? ಆ ಮನ್ಯಾಗ ಉಳಿಯೋದು ಒಂದು ಮುದುಕಿ. ಆಕಿ ಎಷ್ಟು ದಿನ? ಅವ ಕೆಟ್ಟಾವ. ಆದ್ರ ಕೂಸಿಗೆ ಕೊಂಡಿ ಬಿಗಿ ಮಾಡಾಕತ್ತಿದ್ದ ಅಂತ ನೀವಾ ಅಂತೀರಿ. ನಂದೇನು, ಅರವತ್ತೆಂಟು ಆತು. ಒಳಗಿದ್ರೂ ಅಷ್ಟಾ, ಹೊರಗಿದ್ರೂ ಅಷ್ಟಾ."

"ನಿಮ್ಮ ಮಗಳನ್ನ ಕೊಂದಾವ ಎತ್ತಿ ಆಡಿಸ್ತಾನ ಆ ಕೂಸಿನ್ನ. ನಡೀತೈತೇನು ನಿಮಗ?"

ಅವನು ಅರದ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದ. ಗೋಡೆಯ ಮೇಲೆ, ಅರ ಇದ್ದ ಜಾಗದಲ್ಲಿ, ಎಂಟು ವರ್ಷದ ಹುಡುಗಿ ಎಳೆದ ಡೊಂಕು ಗೆರೆ ಬರಿದಾಗಿ ನಿಂತಿತ್ತು.

ಹೊರಗೆ ವ್ಯಾನು ಬಂದು ನಿಂತಿತು. ಬಾಗಿಲು ತೆಗೆದು ಹಾಕಿದ ಸದ್ದು. ಬೂಟುಗಳು ಇಳಿದವು.

ಗಾದೆಮ್ಮ ಒಂದೇ ಹೆಜ್ಜೆಗೆ ಮೇಜು ಮುಟ್ಟಿ ವೈಸಿನ ಹಿಡಿಯ ಮೇಲೆ ಕೈಯಿಟ್ಟಳು. ತಿರುಗಿಸಿದರೆ ತಂತಿ ಸಡಿಲಾಗಿ ಅವಳ ಕೈಗೆ ಬರುತ್ತಿತ್ತು. ಪಕ್ಕೀರಪ್ಪ ಅವಳ ಮುಖ ನೋಡಿದ. ನೋಡುತ್ತಲೇ, ಅರವನ್ನು ಆ ನಾಲ್ಕು ಹಲ್ಲಿನ ಗುರುತಿನ ಮೇಲಿಟ್ಟ.